ಗುಜರಿ ತಕ್ಕಡಿಗೆ ಕಾವಲು: ನಮ್ಮೂರ ತೋಪು ಉಳಿಸಿಕೊಂಡ ಬಗೆ

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು, ಅಂದರೆ ಫಿರಂಗಿಯನ್ನು, 1854ರಲ್ಲಿ ಹರಾಜಿಗೆ ಇಟ್ಟಿದ್ದರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್. ಹರಾಜಿನಲ್ಲಿ ಬಂದ ಬೆಲೆ 150 ರೂಪಾಯಿ! ಆಮೇಲೆ ಹರಾಜು ರದ್ದಾಯಿತು, ತೋಪು ಬುರುಜಿನ ಮೇಲೇ ಉಳಿಯಿತು. ಈ ಕತೆ ಕೇಳಿದವರೆಲ್ಲ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಂದು ವೆಲ್ಡಿಂಗ್ ಅಂಗಡಿ. ಹಳೇ ಕಬ್ಬಿಣ ಎಷ್ಟು ಸಲೀಸಾಗಿ ತಕ್ಕಡಿ ಹತ್ತುತ್ತದೆ ಎಂದು ದಿನಾ ಕಣ್ಣಾರೆ ನೋಡುವವನು ನಾನು.

ಪಟ್ಟಣದೊಳಗಿನ ದೊಡ್ಡ ತೋಪುಗಳಿಗೆ ಬೋರ್ಡು, ಬೇಲಿ, ಕಾನೂನು ಎಲ್ಲ ಇದೆ. ಅವು ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಅಂಥ ಜಾಗದಲ್ಲಿ ಏನಾದರೂ ಕಿತ್ತರೆ 1958ರ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ನಮ್ಮ ಡೋಣಿ ಹೊಳೆ ಸೀಮೆಯ ಹಳ್ಳಿಗಳಲ್ಲಿ ಹುಡೇವು, ಅಂದರೆ ಊರು ಕಾಯಲು ಕಟ್ಟಿದ ಬುರುಜು, ಇವೆ; ದೇಸಾಯರ ವಾಡೆ, ಅಂದರೆ ಕೋಟೆಯಂಥ ದೊಡ್ಡ ಮನೆ, ಇವೆ. ಇವಕ್ಕೆ ಬೋರ್ಡೂ ಇಲ್ಲ, ಕೇಳುವವರೂ ಇಲ್ಲ. ನಮ್ಮೂರ ಹುಡೇದ ಮೇಲೆ ಒಂದು ಕಬ್ಬಿಣದ ತೋಪು, ಕೆಳಗೆ ಕಂದಕದಲ್ಲಿ ಅರ್ಧ ಹುಗಿದುಕೊಂಡ ಇನ್ನೊಂದು. ವಾಡೆಯ ಬಾಗಿಲಿಗೆ ಕಬ್ಬಿಣದ ಮುಳ್ಳು ಮೊಳೆಗಳು. ಆನೆ ಬಂದು ಗುದ್ದಬಾರದು ಅಂತ ಹಿಂದೆ ಹೊಡೆದದ್ದು. ಒಂದು ಮಳೆಗಾಲದಲ್ಲಿ ಆ ಬಾಗಿಲಿನ ಕೆಳಗಿನ ಸಾಲಿನ ಮೊಳೆಗಳು ಕಾಣೆಯಾದವು. ಕಟ್ಟಿಗೆಯಲ್ಲಿ ಬರೀ ತೂತು ಉಳಿದಿತ್ತು. ಅಲ್ಲಿಂದ ನಾವು ನಾಲ್ಕಾರು ಜನ ಇದರ ಬೆನ್ನು ಹತ್ತಿದೆವು.

ಮೊದಲಿಗೆ ಎಲ್ಲರ ಬಾಯಲ್ಲೂ ಬಂದದ್ದು ಕಾವಲುಗಾರ, ಸಿಸಿ ಕ್ಯಾಮೆರಾ. ಕಾವಲುಗಾರನಿಗೆ ಪಗಾರ ಕೊಡುವವರು ಯಾರು? ಕ್ಯಾಮೆರಾಕ್ಕೆ ಹುಡೇದ ಮೇಲೆ ಕರೆಂಟು ಎಲ್ಲಿಂದ ತರುವುದು? ಇನ್ನೊಬ್ಬರು ನನಗೇ ಹೇಳಿದರು, "ನೀ ಹೆಂಗೂ ವೆಲ್ಡಿಂಗ್ ಮಾಡಾಂವ, ಸರಪಳಿ ಹಾಕಿ ಬೆಸದ ಬಿಡು." ನಾನು ಒಪ್ಪಲಿಲ್ಲ. ಹಳೇ ತೋಪಿಗೆ ವೆಲ್ಡಿಂಗ್ ತಾಗಿಸಿದರೆ ಅದೂ ಹಾಳು ಮಾಡಿದಂತೆಯೇ. ಅದೂ ಅಲ್ಲದೆ ಸರಪಳಿ ಕತ್ತರಿಸಲು ಎಷ್ಟು ಹೊತ್ತು ಬೇಕು ಹೇಳಿ?

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ತೋಪುಗಳಲ್ಲಿ ಬಗೆ ಬಗೆ ಇವೆ. ಮಲಿಕ್-ಎ-ಮೈದಾನ್ ಕಂಚಿನ ಎರಕ. ವಿಜಯಪುರದ್ದೇ ಉಪ್ಪಲಿ ಬುರುಜಿನ ಮೇಲಿನ 30 ಅಡಿ ಮೀರಿದ ಉದ್ದ ತೋಪು ಹಾಗಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಮೇಲೆ ಕಾಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ, ಬಡಿದು ಕೂಡಿಸಿದ್ದು. ನಮ್ಮೂರ ತೋಪೂ ಇದೇ ಜಾತಿ. ಹತ್ತಿರ ಹೋಗಿ ಬೆರಳಾಡಿಸಿದರೆ ಬಳೆಗಳ ಅಂಚು ಸಿಗುತ್ತದೆ. ಕರೆಂಟಿಲ್ಲ, ಗ್ಯಾಸಿಲ್ಲ, ಬರೀ ತಿದಿ ಮತ್ತು ಸುತ್ತಿಗೆಯಲ್ಲಿ ಹೀಗೆ ಮಾಡಿದ ಕಂಬಾರನಿಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಆದರೆ ಕಷ್ಟ ಇರುವುದು ಅಲ್ಲೇ. ಎರಕದ ಬೀಡು ಕಬ್ಬಿಣ ಗ್ಯಾಸ್ ಕಟರ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಡಿದು ಮಾಡಿದ ಮೆತು ಕಬ್ಬಿಣ ಮಾತ್ರ ಬೆಣ್ಣೆಯಂತೆ ಕತ್ತರಿಸಿ ಬರುತ್ತದೆ. ಸಿಲಿಂಡರ್ ತಂದವನಿಗೆ ಒಂದು ರಾತ್ರಿ ಜಾಸ್ತಿಯೇ ಆಯಿತು.

ಕಳ್ಳನಿಗೆ ಇದರಲ್ಲಿ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿದೆ. ನಮ್ಮ ತೋಪು 5 ಅಡಿ ಉದ್ದ, ಸರಾಸರಿ 9 ಇಂಚು ದಪ್ಪ, ಬಾಯಿ ಎರಡೂವರೆ ಇಂಚು. ಒಂದು ಘನ ಅಡಿ ಕಬ್ಬಿಣ ಹೆಚ್ಚುಕಡಿಮೆ 220 ಕಿಲೋ. ಹಾಗೆ ನೋಡಿದರೆ ತೋಪು 450 ಕಿಲೋ ಆಗುತ್ತದೆ. ಕಿಲೋಗೆ 30 ರೂಪಾಯಿ ಹಿಡಿದರೆ ಹದಿಮೂರೂವರೆ ಸಾವಿರ. ಒಂದು ಒಳ್ಳೆ ಎತ್ತೂ ಬರುವುದಿಲ್ಲ ಅಷ್ಟಕ್ಕೆ. ಅಷ್ಟು ಸಣ್ಣ ದುಡ್ಡಿಗೆ ಯಾರೂ ದೂರದ ಊರಿಗೆ ಸಾಗಿಸುವುದಿಲ್ಲ. ಹತ್ತಿರದ ಗುಜರಿಯವನು ಕೇಳದೆ ಕೊಂಡರೆ ಮಾತ್ರ ಈ ಕಳ್ಳತನಕ್ಕೆ ಅರ್ಥ. ಅವನು ಬೇಡ ಅಂದರೆ? ಅಲ್ಲಿಗೇ ಮುಗಿಯಿತು. ಹಾಗಾಗಿ ನಮ್ಮ ಶಕ್ತಿಯನ್ನೆಲ್ಲ ಹುಡೇದ ಮೇಲೆ ಸುರಿಯದೆ ಗುಜರಿ ಅಂಗಡಿಗಳ ಕಡೆ ತಿರುಗಿಸಿದೆವು.

ಅದಕ್ಕೂ ಮೊದಲು ಪಟ್ಟಿ ಬೇಕಿತ್ತು. ಟೇಪು ಹಿಡಿದು ಎರಡೂ ತೋಪು, ಬಾಗಿಲಿನ ಉಳಿದ ಒಂದೊಂದು ಮೊಳೆ, ಬಾಗಿಲಿನ ಕಬ್ಬಿಣದ ಪಟ್ಟಿ, ಕೊಂಡಿ, ಎಲ್ಲ ಅಳೆದೆವು. ಪಕ್ಕದಲ್ಲಿ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದೆವು. ನಾಲ್ಕೂ ಕಡೆಯಿಂದ ಒಂದೊಂದು, ಸವೆದ ಜಾಗ, ಬಿರುಕು, ಬಳೆ ಜರುಗಿದ ಜಾಗ ಹತ್ತಿರದಿಂದ. ನಾಳೆ ಮಾಲು ಸಿಕ್ಕಾಗ "ಇದು ನಮ್ಮದೇ" ಎಂದು ತೋರಿಸಲು ಇಂಥ ಗುರುತುಗಳೇ ಬೇಕಾಗುತ್ತವೆ. ನಂಬರ್ ಪಂಚ್ ಹೊಡೆಯೋಣ ಅಂತ ಒಬ್ಬ ಹುಡುಗ ಅಂದ, ಬೇಡ ಅಂದೆ. ಪಂಚಾಯಿತಿಯಲ್ಲಿ ಪಟ್ಟಿಗೆ ಸಹಿ, ಸಿಕ್ಕಾ ಹಾಕಿಸಿದೆವು. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ತಹಶೀಲ್ದಾರರಿಗೆ. ಇನ್ನೊಂದು ಕಚೇರಿಗೂ ಕಳಿಸಿದೆವು, ಅಲ್ಲಿಂದ ಇವತ್ತಿನವರೆಗೂ ಉತ್ತರ ಇಲ್ಲ. ಇರಲಿ, ಸ್ವೀಕೃತಿಯಂತೂ ಇದೆ.

ಗುಜರಿ ಅಂಗಡಿಯವರು ನನಗೆ ಹೊಸಬರಲ್ಲ. ಅವರಿಂದಲೇ ನಾನು ಹಳೇ ಪೈಪು, ಆ್ಯಂಗಲ್ ಕೊಳ್ಳುವುದು. ಕಳ್ಳರು ಅಂತ ಮೈಮೇಲೆ ಹೋಗಲಿಲ್ಲ. ಚಹಾ ಕುಡಿಯುತ್ತ ಫೋಟೊ ತೋರಿಸಿದೆ. ಒಬ್ಬರು ಮೊಳೆಯ ಫೋಟೊ ನೋಡಿ, "ಇಂಥಾವು ಬಂದ ಹೋಗ್ಯಾವ ಬಿಡ್ರಿ, ನಮಗ ಟ್ರ್ಯಾಕ್ಟರ್ ಸಾಮಾನ ಅನ್ನಿಸಿತ್ತು" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ರಾಶಿಯಲ್ಲಿ ಬಿದ್ದ ತುಕ್ಕು ಹಿಡಿದ ಮೊಳೆಗೆ ಇತಿಹಾಸ ಅಂತ ಬರೆದಿರುತ್ತದೆಯೇ? ಆಮೇಲೆ ಕಾನೂನಿನ ಮಾತೂ ಹೇಳಿದೆ. ಕದ್ದ ಮಾಲು ಎಂದು ಗೊತ್ತಿದ್ದು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕೊಂಡವನ ಮೇಲೂ ಕೇಸು. ಫೋಟೊ ಅಂಗಡಿಯ ಗೋಡೆಗೆ ಅಂಟಿದ ಮೇಲೆ "ಗೊತ್ತಿರಲಿಲ್ಲ" ಅನ್ನಲು ಬರುವುದಿಲ್ಲ, ಅಲ್ವಾ? ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೇ ಹೊಳೆಯಿತು.

ಕಷ್ಟವಾದದ್ದು ಟಂಟಂ ಆಟೋದಲ್ಲಿ ಮೈಕು ಹಚ್ಚಿಕೊಂಡು ಗುಜರಿ ಕೊಳ್ಳುತ್ತ ಊರೂರು ತಿರುಗುವವರ ಜೊತೆ. ಇವತ್ತು ಇಲ್ಲಿ, ನಾಳೆ ಸಿಂದಗಿ ಕಡೆ. ಆದರೆ ಅವರೂ ಸಂಜೆಗೆ ಯಾವುದೋ ಅಂಗಡಿಯಲ್ಲಿ ಮಾಲು ಇಳಿಸಲೇಬೇಕು. ಆ ಅಂಗಡಿಯವರು ತೆಗೆದುಕೊಳ್ಳದಿದ್ದರೆ ಅವರೂ ಮುಟ್ಟುವುದಿಲ್ಲ.

ಯಾರ ಕಣ್ಣೂ ಬೀಳದ ಜಾಗ ಏನಾಗುತ್ತದೆ ಎನ್ನುವುದಕ್ಕೆ ಫಿಲಿಪೈನ್ಸ್‌ನ ಮನಿಲಾ ಕೊಲ್ಲಿಯಲ್ಲಿ ಒಂದು ಕೋಟೆ ಇದೆ, ಫೋರ್ಟ್ ಡ್ರಮ್. ಸಣ್ಣ ದ್ವೀಪವನ್ನು ಕಡಿದು ಸಮ ಮಾಡಿ, ಕಾಂಕ್ರೀಟಿನಲ್ಲಿ ಹಡಗಿನಂತೆ ಅಮೆರಿಕದವರು ಕಟ್ಟಿದ್ದು. 14 ಇಂಚು ಬಾಯಿಯ ನಾಲ್ಕು ತೋಪು ಇದ್ದವು. ಎರಡನೇ ಮಹಾಯುದ್ಧ ಮುಗಿದು ಕೋಟೆ ಪಾಳುಬಿದ್ದ ಮೇಲೆ ಗುಜರಿಯವರು ದೋಣಿಯಲ್ಲಿ ಹೋಗಿ ಒಳಗಿನ ಲೋಹ ಕಿತ್ತರು. ಸಮುದ್ರದ ನಡುವೆ ನೋಡುವವರು ಯಾರಿದ್ದಾರೆ? ನಮ್ಮ ಹುಡೇವು ಊರ ನಡುವೆಯೇ ಇದ್ದರೂ ಬಳ್ಳಾರಿ ಜಾಲಿ ಬೆಳೆದು ಅದೂ ದ್ವೀಪವೇ ಆಗಿತ್ತು. ಜಾಲಿ ಕಡಿಸಿದೆವು. ಈಗ ಬಸ್ ಸ್ಟ್ಯಾಂಡಿನ ಕಟ್ಟೆಯಿಂದ ತೋಪು ಕಾಣುತ್ತದೆ, ಕಟ್ಟೆ ಮೇಲೆ ಯಾವಾಗಲೂ ನಾಲ್ಕು ಜನ ಇದ್ದೇ ಇರುತ್ತಾರೆ.

ಒಂದು ಜಗಳ ಇನ್ನೂ ಮುಗಿದಿಲ್ಲ. ಕಂದಕದ ತೋಪನ್ನು ಎತ್ತಿ ಪಂಚಾಯಿತಿ ಮುಂದೆ ಸಿಮೆಂಟು ಕಟ್ಟೆ ಕಟ್ಟಿ, ಬಣ್ಣ ಬಳಿದು ಇಡಬೇಕು ಎನ್ನುವವರಿದ್ದಾರೆ. ಸಿಮೆಂಟಿನಲ್ಲಿ ಕೂಡಿಸಿದರೆ ಕೂಡಿದ ಜಾಗದಲ್ಲಿ ನೀರು ನಿಂತು ಒಳಗಿಂದ ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ತುಕ್ಕಿನ ಮೇಲೆ ಬಣ್ಣ ಬಳಿದರೂ ಅದೇ ಕತೆ. ಮೇಲಾಗಿ ನೆಲದಲ್ಲಿ ಹುಗಿದದ್ದನ್ನು ನಾವೇ ಅಗೆಯುವಂತಿಲ್ಲ. ನೆಲದಡಿ ಸಿಕ್ಕ ಹಳೇ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆಯೇ ಇದೆ. ಅರ್ಜಿ ಹೋಗಿದೆ. ಉತ್ತರ ಬರುವವರೆಗೆ ಅದು ಹುಗಿದೇ ಇರಲಿ, ಮಣ್ಣು ಅದನ್ನು ಇಷ್ಟು ವರ್ಷ ಕಾದಿದೆ.

ಮೊನ್ನೆ ಒಬ್ಬ ಅಂಗಡಿಯವರು ಫೋನ್ ಮಾಡಿದರು. "ಬಾಗಿಲ ಮೊಳೆ ಬಂದಾವ್ರೀ, ತಗದ ಇಟ್ಟೀನಿ." ಠಾಣೆಗೂ ತಿಳಿಸಲು ಹೇಳಿ ಹೋದೆ. ಅಳತೆ ನಮ್ಮ ಪಟ್ಟಿಗೆ ಕೂಡಲಿಲ್ಲ, ತಲೆ ಬೇರೆ ನಮೂನೆ. ಹೊಳೆಯಾಚೆ ಊರಿನ ವಾಡೆಯದ್ದು ಇರಬೇಕು. ಆ ಊರಲ್ಲಿ ಪಟ್ಟಿಯೇ ಮಾಡಿಲ್ಲವಾದ್ದರಿಂದ ತಾಳೆ ನೋಡಲು ದಾರಿ ಇಲ್ಲ. ಅಲ್ಲಿಯ ಹುಡುಗರಿಗೆ ಹೇಳಿದ್ದೇನೆ, ಭಾನುವಾರ ಟೇಪು ತಗೊಂಡು ಬರುತ್ತೇವೆ, ಏಣಿ ನೀವು ತಂದಿಡಿ ಅಂತ.