ಕೊಳೆರೋಗದ ಪಾಠಕ್ಕೆ ಎಐ ಚಿತ್ರ: ಎಲ್ಲಿ ಬಳಸಿದೆ, ಎಲ್ಲಿ ಬಿಟ್ಟೆ

ಅಡಿಕೆಯ ಕೊಳೆರೋಗದ ನಿರ್ವಹಣೆಯನ್ನು ಕುರಿತು ಸಣ್ಣ ಬೆಳೆಗಾರರಿಗಾಗಿ ಆರು ಪಾಠಗಳ ಆನ್‌ಲೈನ್ ಕೋರ್ಸೊಂದನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಾಗ ಕೈಯಲ್ಲಿ ಇದ್ದದ್ದು ಆನ್‌ಲೈನ್ ಪಾಠ ನಡೆಸುವ ಮೂಡಲ್ ತಂತ್ರಾಂಶ ಅಳವಡಿಸಿದ ಒಂದು ಸರ್ವರ್, ಒಂದು ಲ್ಯಾಪ್‌ಟಾಪ್, ಒಂದು ಮೈಕ್. ಇಲ್ಲದ್ದು ಚಿತ್ರಕಾರ, ಕ್ಯಾಮೆರಾದವರು ಮತ್ತು ಮಳೆಗಾಲ. ಕೆಲಸ ಆರಂಭವಾದದ್ದು ಜನವರಿಯಲ್ಲಿ. ಕೊಳೆ ಕಾಣಿಸಿಕೊಳ್ಳುವುದು ಮುಂಗಾರಿನ ಜಡಿಮಳೆಯಲ್ಲಿ. ಮೊದಲ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮೊದಲೇ ಆಗಬೇಕಾದ್ದರಿಂದ ಕೋರ್ಸ್ ಮೇ ತಿಂಗಳೊಳಗೆ ಬೆಳೆಗಾರರ ಕೈಸೇರಬೇಕಿತ್ತು. ರೋಗವೇ ಇಲ್ಲದ ಕಾಲದಲ್ಲಿ ರೋಗದ ಚಿತ್ರವನ್ನು ಎಲ್ಲಿಂದ ತರುವುದು ಎಂಬ ಇಕ್ಕಟ್ಟೇ ನನ್ನನ್ನು ಎಐ ಉಪಕರಣಗಳ ಕಡೆಗೆ ತಳ್ಳಿತು.

ಮೊದಲ ದಿನವೇ ಸುಮಾರು ನಲವತ್ತು ಚಿತ್ರಗಳನ್ನು ಬರೆಸಿದೆ. ನೋಡುವುದಕ್ಕೆ ಬಹಳ ಚೆನ್ನಾಗಿದ್ದವು. ಮರುದಿನ ಅವನ್ನು ನಮ್ಮ ಕಡೆ ವರ್ಷಗಳಿಂದ ಅಡಿಕೆ ಮರ ಹತ್ತಿ ಔಷಧಿ ಹೊಡೆಯುತ್ತಿರುವ ಕೊನೆಗೌಡರೊಬ್ಬರಿಗೆ ತೋರಿಸಿದಾಗ ಅವರು ಮೂರನೆಯ ಚಿತ್ರಕ್ಕೇ ನಕ್ಕುಬಿಟ್ಟರು: "ಇದು ಅಡಿಕೆ ಮರ ಅಲ್ಲ ಮೇಷ್ಟ್ರೇ, ತೆಂಗಿನ ಮರಕ್ಕೆ ಅಡಿಕೆಕಾಯಿ ಅಂಟಿಸಿದ್ದಾರೆ." ಅವರ ಮಾತು ಅಕ್ಷರಶಃ ನಿಜವಾಗಿತ್ತು. ತೆಂಗಿನ ಗೊನೆ ಗರಿಗಳ ಸಂದಿನಲ್ಲಿ ಕೂತಿರುತ್ತದೆ. ಅಡಿಕೆಯಲ್ಲಾದರೋ ಸೋಗೆಯ ಬುಡದ ಹಾಳೆ ಕಳಚಿ ಬಿದ್ದ ಮೇಲೆ ಹಿಂಗಾರ, ಅಂದರೆ ಹೂಗೊಂಚಲು, ಹೊರಬರುವುದರಿಂದ ಕೊನೆಗಳು (ಕಾಯಿಗೊಂಚಲುಗಳು) ತಲೆಯ ಹಸಿರು ಭಾಗದ ಕೆಳಗೆ, ಬರಿಯ ಕಾಂಡಕ್ಕೆ ಅಂಟಿಕೊಂಡು ತೂಗುತ್ತವೆ. ನನ್ನ ಅಷ್ಟೂ ಚಿತ್ರಗಳಲ್ಲಿ ಕಾಯಿಗಳು ಸೋಗೆಗಳ ನಡುವೆ ಇದ್ದವು. ಜಾಲದಲ್ಲಿ ತೆಂಗಿನ ಚಿತ್ರಗಳು ಅಡಿಕೆಯವಕ್ಕಿಂತ ಎಷ್ಟೋ ಪಾಲು ಹೆಚ್ಚಿರುವುದೇ ಇದಕ್ಕೆ ಕಾರಣವಿರಬೇಕೆಂದು ನನ್ನ ಊಹೆ. ನಾಚಿಕೆಯ ಸಂಗತಿಯೆಂದರೆ, ತೋಟದ ಅಂಚಿನಲ್ಲೇ ಬೆಳೆದ ನಾನೂ ಅದನ್ನು ಗಮನಿಸಿರಲಿಲ್ಲ. ಚಿತ್ರದ ಹೊಳಪು ಕಣ್ಣನ್ನು ಅಷ್ಟು ಮಂಕು ಮಾಡಿತ್ತು.

ಎರಡನೆಯ ಪಾಠದ ವಿಷಯ ರೋಗವನ್ನು ಗುರುತಿಸುವುದು. ಕೊಳೆ ತಗುಲಿದ ಕಾಯಿಯಲ್ಲಿ ಮೊದಲು ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಡುಹಸಿರು ಮಚ್ಚೆ ಮೂಡಿ, ಅದು ಹರಡಿ ಕಾಯಿ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಇಷ್ಟನ್ನೂ ಒಂದೊಂದಾಗಿ ಬರೆದು ಕೊಟ್ಟರೂ ಉಪಕರಣ ಒಮ್ಮೆ ಕಪ್ಪು ಚುಕ್ಕೆಗಳನ್ನು ಇಟ್ಟಿತು, ಇನ್ನೊಮ್ಮೆ ಇಡೀ ಕಾಯಿಗೆ ಹತ್ತಿ ಸುತ್ತಿದಂತೆ ಮಾಡಿತು. ಹದಿನೈದನೆಯ ಪ್ರಯತ್ನದಲ್ಲಿ ಬಂದ ಚಿತ್ರವಂತೂ ನಿಜವಾದ ಫೋಟೋ ಎಂದೇ ತೋರುತ್ತಿತ್ತು, ಮತ್ತು ನನಗೆ ಹೆದರಿಕೆಯಾದದ್ದು ಅದನ್ನು ಕಂಡೇ. ಕಲಿಯುವವನು ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ತೋಟಕ್ಕೆ ಹೋಗುತ್ತಾನೆ. ಅದರಲ್ಲಿರುವ ಮಚ್ಚೆ ಯಾವ ಮರದ ಯಾವ ಕಾಯಿಯಲ್ಲೂ ಎಂದೂ ಇದ್ದದ್ದಲ್ಲ. ಕಣ್ಣಿನಿಂದ ನೋಡಿ ಗುರುತಿಸಬೇಕಾದ ಯಾವುದಕ್ಕೂ ಎಐ ಚಿತ್ರ ಬಳಸಬಾರದೆಂದು ಅಂದು ನಿಶ್ಚಯಿಸಿ, ಎರಡನೆಯ ಪಾಠದ ಚಿತ್ರಗಳನ್ನೆಲ್ಲ ಅಳಿಸಿದೆ.

ಅವುಗಳ ಜಾಗಕ್ಕೆ ಬಂದದ್ದು ಬೆಳೆಗಾರರ ಮೊಬೈಲಿನಲ್ಲಿ ಬಿದ್ದುಕೊಂಡಿದ್ದ ಹಿಂದಿನ ವರ್ಷಗಳ ಫೋಟೋಗಳು. ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದಾಗ ಅರವತ್ತಕ್ಕೂ ಹೆಚ್ಚು ಬಂದವು. ಹೆಚ್ಚಿನವು ಮಸುಕು, ಕೆಲವು ಕೊಳೆಯೇ ಅಲ್ಲ. ಸಸ್ಯರೋಗ ತಜ್ಞರೊಬ್ಬರು ಕೂತು ನೋಡಿ ಹನ್ನೊಂದನ್ನು ಆರಿಸಿಕೊಟ್ಟರು. ತೆಗೆದವರ ಒಪ್ಪಿಗೆ ಪಡೆದು ಬಳಸಿಕೊಂಡೆ. ಅವು ಅಂದವಾಗಿಲ್ಲ, ಆದರೆ ನಿಜ.

ಎಐ ನಿಜಕ್ಕೂ ನೆರವಾದದ್ದು ಕಣ್ಣಿಗೆ ಕಾಣದ್ದನ್ನು ವಿವರಿಸಬೇಕಾದಾಗ. ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬಾಲವಿರುವ ಬೀಜಕಣಗಳನ್ನು ಬಿಡುತ್ತದೆ. ಅವು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಒಳಹೊಗುತ್ತವೆ, ಮಳೆಹನಿಯ ಸಿಡಿತ ಮತ್ತು ಗಾಳಿಯಿಂದ ರೋಗ ಪಕ್ಕದ ಕೊನೆಗೂ ಹರಡುತ್ತದೆ. ಇದನ್ನು ಯಾವ ಮೊಬೈಲೂ ಸೆರೆಹಿಡಿಯಲಾರದು. ಇಲ್ಲಿ ನಾನು ಕಲಿತ ವಿಧಾನವೆಂದರೆ ಬರಿಯ ಮಾತಿನಲ್ಲಿ ಸೂಚನೆ ಕೊಡದೆ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಒರಟು ಚಿತ್ರ ಬರೆದು, ಅದರ ಫೋಟೋವನ್ನು ಉಪಕರಣಕ್ಕೆ ಕೊಟ್ಟು, ವಸ್ತುಗಳ ಸ್ಥಾನ ಬದಲಿಸದೆ ಬಣ್ಣ ಮತ್ತು ನೆರಳನ್ನಷ್ಟೇ ತುಂಬಲು ಹೇಳುವುದು. ಹೀಗೆ ಮಾಡಿದಾಗ ಕೊನೆ ತನ್ನ ಜಾಗದಲ್ಲೇ ನಿಂತಿತು. ಬೀಜಕಣಕ್ಕೆ ಮಾತ್ರ ಅದು ನಾಲ್ಕೈದು ಬಾಲಗಳನ್ನು ಹಚ್ಚಿತ್ತು, ಇರಬೇಕಾದದ್ದು ಎರಡೇ. ಮಿಕ್ಕವನ್ನು ನಾನೇ ಅಳಿಸಿದೆ. ಚಿತ್ರದ ಶೈಲಿಯನ್ನು ಬೇಕೆಂದೇ ಜಲವರ್ಣದಂತೆ ಇಟ್ಟೆ, ಫೋಟೋ ಎಂದು ಯಾರೂ ಭ್ರಮಿಸಬಾರದೆಂಬ ಕಾರಣಕ್ಕೆ.

ಕನ್ನಡ ಅಕ್ಷರಗಳನ್ನು ಚಿತ್ರದೊಳಗೆ ಬರೆಸುವ ಆಸೆಯನ್ನು ಬೇಗನೆ ಕೈಬಿಟ್ಟೆ. "ಮೈಲುತುತ್ತ" (ತಾಮ್ರದ ಸಲ್ಫೇಟ್) ಎಂದು ಬರೆಸಿದರೆ ಒತ್ತಕ್ಷರ ಎಲ್ಲೋ ತೇಲುತ್ತಿತ್ತು. ಪದಗಳಿಲ್ಲದ ಚಿತ್ರ ತೆಗೆದುಕೊಂಡು, ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟಿನಿಂದ ಹೆಸರುಗಳನ್ನು ಕೂರಿಸುವುದೇ ಸುಲಭ. ತಪ್ಪಿದ್ದರೆ ಪದವನ್ನಷ್ಟೇ ತಿದ್ದಿದರಾಯಿತು.

ವಿಡಿಯೋದ ಕಥೆ ಬೇರೆ. ನಾಲ್ಕನೆಯ ಪಾಠ ಕೊಳೆ ತಡೆಯಲು ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವುದನ್ನು ಕುರಿತದ್ದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದ ಕಾಲದಿಂದಲೂ ಮಲೆನಾಡಿಗೆ ಈ ದ್ರಾವಣ ಪರಿಚಿತ. ಆದರೂ ತಯಾರಿಕೆಯಲ್ಲಿ ತಪ್ಪುವವರು ಇಂದಿಗೂ ಇದ್ದಾರೆ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಮತ್ತೆ 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ಪಾತ್ರೆ ಲೋಹದ್ದಾಗಿರಬಾರದು. ಎಐ ವಿಡಿಯೋದಲ್ಲಿ ಬಂದದ್ದು ಹೊಳೆಯುವ ಕಬ್ಬಿಣದ ಡ್ರಮ್ಮು. ಪ್ಲಾಸ್ಟಿಕ್ ಎಂದು ತಿದ್ದಿದ ಮೇಲೆ ಎಂಟು ಸೆಕೆಂಡಿನ ಆ ತುಣುಕಿನಲ್ಲಿ ಎರಡು ಬಕೆಟ್ಟುಗಳು ನಡುದಾರಿಯಲ್ಲಿ ಒಂದಾದವು, ಸುಣ್ಣದ ನೀರು ತಾನೇ ನೀಲಿಯಾಯಿತು. ಕ್ರಮವೇ ಪಾಠವಾಗಿರುವ ಕಡೆ ಕ್ರಮ ಕೆಡಿಸುವ ವಿಡಿಯೋದಿಂದ ಏನು ಪ್ರಯೋಜನ? ಕೊನೆಗೆ ನಮ್ಮ ಅಂಗಳದಲ್ಲೇ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ನಿಜವಾಗಿ ದ್ರಾವಣ ಕಲಸಿದೆವು. ಉಜ್ಜಿ ಹೊಳಪಿಸಿದ ಚಾಕುವನ್ನು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಅದನ್ನು ತೋರಿಸಲು ಬೇಕೆಂದೇ ಒಮ್ಮೆ ಸುಣ್ಣ ಕಡಿಮೆ ಹಾಕಿದೆವು.

ಪಾಠ ಹೇಳುವ ಕೃತಕ ಮುಖವನ್ನೂ ಪ್ರಯತ್ನಿಸಿದ್ದುಂಟು. ತುಟಿ ಕನ್ನಡಕ್ಕೆ ಸರಿಯಾಗಿ ಹೊಂದಲಿಲ್ಲ, "ಕೊಳೆ" ಎಂಬುದು "ಕೊಲೆ"ಯಾಗಿ ಕೇಳಿಸಿತು. ಕೊಲೆರೋಗ ಎಂದು ಆರು ಪಾಠ ಕೇಳುವ ತಾಳ್ಮೆ ಯಾರಿಗಿದೆ! ನನ್ನ ಧ್ವನಿಯಲ್ಲೇ ಓದಿದೆ, ಮುಖ ತೋರಿಸಲಿಲ್ಲ.

ಇದೆಲ್ಲ ಆದ ಮೇಲೂ ಅಲಂಕಾರಕ್ಕೆಂದು ಹಾಕಿದ್ದ ಹಲವು ಎಐ ಚಿತ್ರಗಳು ಸ್ಲೈಡುಗಳಲ್ಲಿ ಉಳಿದಿದ್ದವು: ಮಂಜು ಕವಿದ ತೋಟ, ನಗುವ ರೈತ, ಇಂಥವು. ಪಾಠಕ್ಕೆ ಸಂಬಂಧವಿಲ್ಲದ ಆಕರ್ಷಕ ವಿವರ ಕಲಿಕೆಗೆ ಅಡ್ಡಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸಂಶೋಧನೆ ಬಹಳ ಹಿಂದೆಯೇ ತೋರಿಸಿದೆ. ಚಿತ್ರ ದುಬಾರಿಯಾಗಿದ್ದಾಗ ಈ ತಪ್ಪನ್ನು ಮಾಡಲು ನಮ್ಮ ಬಳಿ ದುಡ್ಡೇ ಇರಲಿಲ್ಲ. ಈಗ ಪುಕ್ಕಟೆ ಸಿಗುವುದರಿಂದ ಮಾಡುತ್ತೇವೆ. ಅವನ್ನು ತೆಗೆದಾಗ ಪಾಠಗಳ ಕಡತವೂ ಹಗುರಾಯಿತು, ಸಿಗ್ನಲ್ ಸರಿಯಿಲ್ಲದ ನಮ್ಮ ಊರುಗಳಲ್ಲಿ ಅದು ಸಣ್ಣ ಲಾಭವಲ್ಲ. ವಿಡಿಯೋಗಳನ್ನು ಆರು ನಿಮಿಷದೊಳಗೆ ಕತ್ತರಿಸಿ ಇಟ್ಟೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವಿಡಿಯೋ ವೀಕ್ಷಣೆಗಳನ್ನು ಆಧರಿಸಿದ 2014ರ ಅಧ್ಯಯನವೊಂದು ಅದನ್ನೇ ಸೂಚಿಸಿತ್ತು.

ಮೊದಲ ದಿನದ ನಲವತ್ತರಲ್ಲಿ ಒಂದೂ ಕೋರ್ಸಿನಲ್ಲಿ ಇಲ್ಲ. ಆಮೇಲೆ ಪೆನ್ಸಿಲ್ ಚಿತ್ರ ಕೊಟ್ಟು ಬರೆಸಿದವುಗಳಲ್ಲಿ ಒಂಬತ್ತು ಇವೆ, ಪ್ರತಿಯೊಂದರ ಕೆಳಗೆ "ಎಐ ನೆರವಿನಿಂದ ರಚಿಸಿದ ಚಿತ್ರ" ಎಂಬ ಸಾಲಿದೆ. ಅವನ್ನೂ ಅದೇ ಕೊನೆಗೌಡರಿಗೆ ತೋರಿಸಿದೆ. ಎಂಟನ್ನು ಒಪ್ಪಿದರು. ಒಂಬತ್ತನೆಯದರಲ್ಲಿ ಮರ ಹತ್ತುವವನ ಕಾಲಿಗೆ ತಳೆ (ಹತ್ತುವಾಗ ಪಾದಗಳಿಗೆ ಹಾಕುವ ಬಳ್ಳಿ) ಇರಲಿಲ್ಲ. ಅದನ್ನು ಅವರ ಎದುರಿಗೇ ಕೈಯಿಂದ ಬರೆದು ಸೇರಿಸಿದೆ.