ಅರ್ಜೆಂಟೀನಾವನ್ನು ತಡೆದ ಗೆರೆ, ಕಾರವಾರದ ಮರಳಿನ ಮೇಲೆ

2022ರ ನವೆಂಬರ್ 22ರಂದು ಕತಾರ್‌ನ ಲುಸೈಲ್ ಸ್ಟೇಡಿಯಂನಲ್ಲಿ ಸೌದಿ ಅರೇಬಿಯಾ 2–1ರಿಂದ ಅರ್ಜೆಂಟೀನಾವನ್ನು ಸೋಲಿಸಿತು. ಸತತ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದೆ ವಿಶ್ವಕಪ್‌ಗೆ ಬಂದಿದ್ದ ತಂಡ ಅದು. 48ನೇ ನಿಮಿಷದಲ್ಲಿ ಅಲ್ ಶೆಹ್ರಿ, 53ರಲ್ಲಿ ಅಲ್ ದವ್ಸಾರಿ ಹೊಡೆದ ಗೋಲುಗಳದ್ದೇ ಎಲ್ಲೆಲ್ಲೂ ಮಾತು. ಕಾರವಾರದಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವ ನನಗೆ ಬೇಕಾಗಿದ್ದು ಮಾತ್ರ ಮೊದಲಾರ್ಧ. 10ನೇ ನಿಮಿಷದಲ್ಲೇ ಮೆಸ್ಸಿ ಪೆನಾಲ್ಟಿಯಿಂದ ಗೋಲು ಹೊಡೆದ ಮೇಲೂ ಸೌದಿಯ ಡಿಫೆನ್ಸ್ ತನ್ನ ಗೋಲಿನ ಕಡೆ ಸರಿಯಲಿಲ್ಲ. ವಿರಾಮದೊಳಗೆ ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಸೇರಿಸಿತು: ಮೆಸ್ಸಿ ಒಮ್ಮೆ, ಲೌಟಾರೊ ಮಾರ್ಟಿನೆಜ್ ಎರಡು ಸಲ. ಮೂರೂ ಆಫ್‌ಸೈಡ್, ಅಂದರೆ ಪಾಸ್ ಹೊರಟ ಕ್ಷಣದಲ್ಲಿ ಚೆಂಡು ಪಡೆಯುವವನು ಗೋಲ್‌ಕೀಪರ್ ಬಿಟ್ಟು ಕೊನೆಯ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರವಿದ್ದ, ಹಾಗಾಗಿ ಗೋಲು ಲೆಕ್ಕಕ್ಕಿಲ್ಲ.

ಇದು ಹೇಗಾಯಿತೆಂದು ತಿಳಿಯಲು ಪಂದ್ಯವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಕೂತೆ. ಚೆಂಡು ಸಿಕ್ಕವನನ್ನು ಬಿಟ್ಟು, ಚೆಂಡು ಕೊಟ್ಟವನ ಕಾಲಿನ ಮೇಲೆ ಕಣ್ಣಿಟ್ಟೆ. ಪಾಸ್ ಹೊರಟ ಕ್ಷಣದಲ್ಲೇ ವಿಡಿಯೋ ನಿಲ್ಲಿಸಿ, ಡಿಫೆನ್ಸಿನ ನಾಲ್ವರು ಎಲ್ಲಿದ್ದಾರೆ, ಅವರ ಮುಂದಿನ ಮಿಡ್‌ಫೀಲ್ಡ್ ಸಾಲು ಎಲ್ಲಿದೆ ಎಂದು ಚೌಕುಳಿ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದೆ. ಅಳತೆಗೆ ಮೈದಾನದ ಗೆರೆಗಳೇ ಸಾಕು. ಪೆನಾಲ್ಟಿ ಬಾಕ್ಸ್ ಗೋಲ್ ಗೆರೆಯಿಂದ 16.5 ಮೀಟರ್, ನಡುವಿನ ವೃತ್ತದ ತ್ರಿಜ್ಯ 9.15 ಮೀಟರ್. ಅವುಗಳಿಗೆ ಹೋಲಿಸಿದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಪುಟಗಳು ತುಂಬಿದಂತೆ ಒಂದು ವಿಷಯ ಎದ್ದು ಕಂಡಿತು. ಡಿಫೆನ್ಸ್ ಮುಂದಕ್ಕೆ ಬಂದು ನಿಂತದ್ದು ಅರ್ಧ ಕೆಲಸ ಅಷ್ಟೇ. ಆ ಸಾಲಿಗೂ ಮಿಡ್‌ಫೀಲ್ಡಿಗೂ ನಡುವೆ ಮೆಸ್ಸಿಗೆ ಚೆಂಡು ಹಿಡಿದು ತಿರುಗುವಷ್ಟು ಜಾಗವೇ ಇರಲಿಲ್ಲ. ಜಾಗವಿದ್ದದ್ದು ಡಿಫೆನ್ಸಿನ ಬೆನ್ನ ಹಿಂದೆ ಮಾತ್ರ, ಹಾಗಾಗಿ ಅರ್ಜೆಂಟೀನಾ ಅಲ್ಲಿಗೇ ಮತ್ತೆ ಮತ್ತೆ ಚೆಂಡು ಹಾಕಿತು. ಸೌದಿಯ ಕೋಚ್ ಎರ್ವೆ ರೆನಾರ್ ಗೆದ್ದದ್ದು ಇಲ್ಲೇ ಎಂದು ನನ್ನ ನಂಬಿಕೆ. ಪಂದ್ಯ ಮುಗಿಯುವಷ್ಟರಲ್ಲಿ ಅರ್ಜೆಂಟೀನಾ 10 ಸಲ ಆಫ್‌ಸೈಡ್ ಆಗಿತ್ತು. ಇದನ್ನು ಅದೃಷ್ಟ ಅಂದವರ ಮಾತು ನಾನು ಒಪ್ಪುವುದಿಲ್ಲ.

ಹುಡುಗರಿಗೆ ಚಿತ್ರ ತೋರಿಸಿದಾಗ ಒಬ್ಬ ಕೇಳಿದ: "ಸರ್, ಹಿಂದೆ ಇಷ್ಟು ಜಾಗ ಬಿಟ್ರೆ ಹೆದರಿಕೆ ಆಗೂದಿಲ್ವಾ?" ಆಗೇ ಆಗುತ್ತದೆ. ಆ ಹೆದರಿಕೆಗೆ ಒಬ್ಬನೇ ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದರೂ ಎದುರಾಳಿಗೆ ಆಫ್‌ಸೈಡ್ ಇಲ್ಲ. ಟ್ಯಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತು ಮರಳು ಗಟ್ಟಿಯಾಗಿರುತ್ತದೆ. ಅಲ್ಲಿ ನಾಲ್ವರು ಡಿಫೆಂಡರ್‌ಗಳ ಕೈಗೆ ಒಂದೇ ಉದ್ದನೆಯ ಹಗ್ಗ ಕೊಟ್ಟೆ. ಹಗ್ಗ ಜೋಲಬಾರದು, ಬಾಗಬಾರದು. ದಡದಲ್ಲಿ ಎರಡೂ ತುದಿ ಹಿಡಿದು ರಂಪಣಿ ಮೀನುಬಲೆ ಎಳೆಯುವಾಗ ಒಂದು ತುದಿಯವರು ನಿಧಾನಿಸಿದರೆ ಏನಾಗುತ್ತದೆಂದು ಈ ಹುಡುಗರಿಗೆ ಮನೆಯಲ್ಲೇ ಗೊತ್ತು, ಹೆಚ್ಚು ವಿವರಿಸಬೇಕಾಗಲಿಲ್ಲ.

ಹಗ್ಗ ರೂಢಿಯಾದ ಮೇಲೆ ಅದನ್ನು ತೆಗೆದು ಕೂಗಿನ ಅಭ್ಯಾಸಕ್ಕೆ ಬಂದೆವು. ಚೆಂಡು ಇರುವವನು ತಲೆ ತಗ್ಗಿಸಿದ್ದರೆ ಅಥವಾ ನಮಗೆ ಬೆನ್ನು ಹಾಕಿದ್ದರೆ ಮಧ್ಯದ ಡಿಫೆಂಡರ್ "ಮುಂದೆ!" ಎಂದು ಕೂಗಬೇಕು. ಅವನು ತಲೆಯೆತ್ತಿ ನೋಡುತ್ತಿದ್ದು, ಹತ್ತಿರ ನಮ್ಮವರು ಯಾರೂ ಇಲ್ಲವೆಂದರೆ "ಹಿಂದೆ!". ಕೂಗುವ ಹಕ್ಕು ಅವನೊಬ್ಬನಿಗೇ. ಗೋಲ್‌ಕೀಪರ್ ಕೂಡ ಬಾಕ್ಸಿನ ಅಂಚಿಗೆ ಬಂದು ನಿಲ್ಲಬೇಕು, ಬೆನ್ನ ಹಿಂದಿನ ಚೆಂಡು ಅವನ ಪಾಲು.

ಒಂದು ಎಚ್ಚರಿಕೆ ಮಾತ್ರ ಪ್ರತಿ ಪಂದ್ಯಕ್ಕೂ ಮುಂಚೆ ಹೇಳುತ್ತೇನೆ. ಕತಾರ್‌ನಲ್ಲಿ ಲೌಟಾರೊನ ಒಂದು ಗೋಲು ರದ್ದಾದದ್ದು ಕೂದಲೆಳೆಯ ಅಂತರದಲ್ಲಿ, ವಿಎಆರ್, ಅಂದರೆ ತೀರ್ಪು ಪರಿಶೀಲಿಸುವ ವಿಡಿಯೋ, ನೋಡಿದ ಮೇಲೆ. ನಮ್ಮ ಊರಿನ ಟೂರ್ನಿಗಳಲ್ಲಿ ಲೈನ್ಸ್‌ಮನ್‌ಗೆ ಇರುವುದು ಎರಡು ಕಣ್ಣು. ಅದಕ್ಕೇ ಕೈಯೆತ್ತಿ ಆಫ್‌ಸೈಡ್ ಕೇಳುತ್ತಾ ನಿಲ್ಲುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಸೀಟಿ ಕೇಳುವ ತನಕ ನಾಲ್ವರೂ ನಮ್ಮ ಗೋಲಿನತ್ತ ಓಡುತ್ತಿರಬೇಕು.