ಕಛೇರಿಗೆ ಮುನ್ನ ತಂಬೂರಿ ಶ್ರುತಿ ಮಾಡುವುದು

ಸಂಗೀತ ಕಾಲೇಜಿನ ವಿದ್ಯಾರ್ಥಿ ಕಛೇರಿಗೆ ತಂಬೂರಿಯನ್ನು ಅರ್ಧ ಗಂಟೆ ಮೊದಲೇ ವೇದಿಕೆಗೆ ತಂದಿಡಿ. ಎಸಿ ಗಾಳಿಗೆ ಮರ, ತಂತಿ ಹೊಂದಿಕೊಳ್ಳದೆ ಶ್ರುತಿ ನಿಲ್ಲುವುದಿಲ್ಲ.

ತಂತಿಗಳ ಬುಡದಲ್ಲಿರುವ ಶ್ರುತಿ ಮಣಿಗಳನ್ನು ನಡುಭಾಗಕ್ಕೆ ಸರಿಸಿಯೇ ಬಿರಡೆ (ತಂತಿ ಬಿಗಿಯುವ ಗೂಟ) ಮುಟ್ಟಿ. ಇಲ್ಲದಿದ್ದರೆ ಸೂಕ್ಷ್ಮವಾಗಿ ತಿದ್ದಲು ಜಾಗವೇ ಇರದು. ನಡುವಿನ ಎರಡು ತಂತಿ ಷಡ್ಜಕ್ಕೆ (ಸ), ನಾಲ್ಕನೆಯದು ಮಂದ್ರ ಅಂದರೆ ಕೆಳಸ್ಥಾಯಿಯ ಷಡ್ಜಕ್ಕೆ, ಕೊನೆಗೆ ಮೊದಲನೆಯದು ಪಂಚಮಕ್ಕೆ (ಪ). ಹಿಂದೂಸ್ತಾನಿಯಲ್ಲಿ ಮಾಲಕಂಸ ರಾಗ ಹಾಡುವವರು ಈ ಮೊದಲ ತಂತಿಯನ್ನು ಶುದ್ಧ ಮಧ್ಯಮಕ್ಕೆ (ಮ) ಇಳಿಸಬೇಕು. ಬಿರಡೆ ಜಾರಿದರೆ ಸ್ವಲ್ಪ ಸೀಮೆಸುಣ್ಣ ಹಚ್ಚಿ, ತಿರುಗಿಸುತ್ತಲೇ ಒಳಕ್ಕೆ ಒತ್ತಿ.

ಅವಸರದಲ್ಲಿ ಎಲ್ಲರೂ ಬಿಡುವುದು ಜೀವಾಳವನ್ನು. ಕುದುರೆಗೂ (ತಂತಿಗಳನ್ನು ಹೊತ್ತ ಸೇತುವೆ) ತಂತಿಗೂ ನಡುವಿನ ಈ ಹತ್ತಿ ನೂಲನ್ನು ಕೂದಲೆಳೆಯಷ್ಟೇ ಸರಿಸುತ್ತಾ ಮೀಟಿ. ನಾದ ಝೇಂಕರಿಸಿದಲ್ಲಿ ನಿಲ್ಲಿಸಿ. ಸದ್ದು ಮೊಂಡಾಗಿದ್ದರೆ ನೂಲು ಜಾಗ ತಪ್ಪಿದೆ. ಆಮೇಲೆ ಶ್ರುತಿ ಮತ್ತೊಮ್ಮೆ ನೋಡಿ. ಮೊಬೈಲ್ ಟ್ಯೂನರ್ ಷಡ್ಜಕ್ಕೆ ಸಾಕು. ಅದರ ಪಂಚಮ ಸಾಮಾನ್ಯವಾಗಿ 2 ಸೆಂಟ್‌ನಷ್ಟು (ಅರ್ಧಸ್ವರದ ನೂರರಲ್ಲಿ ಎರಡು ಪಾಲು) ಇಳಿದಿರುತ್ತದೆ, ಅಲ್ಲಿ ಕಿವಿಯನ್ನೇ ನಂಬಿ.